ಎಂಜಲು ಮೈ

ನೋವಿಲ್ಲದ ಮೈ ಎಂಬುದು ಹೊಲಿದಿಟ್ಟ ಅಂಗಿಯ ಹಾಗೆ ಕೈಗೆ ಸಿಗುವ ಕಾಲ ಬಂದಾಗ, ಆ ಅಂಗಿಯನ್ನು ಮೊದಲು ತೊಟ್ಟಿದ್ದವರು ಯಾರು ಎಂದು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ. ಬೆನ್ನು ಹಿಡಿದವರಿಗೆ ಬೆನ್ನು ಬಿಟ್ಟರೆ ಸಾಕು. ಸಾವಂತ್ರೆವ್ವ ಒಮ್ಮೆ ಕೇಳಿ, ಅಷ್ಟಕ್ಕೇ ಬಿಟ್ಟಳು. ಆಮೇಲೆ ಗೊತ್ತಾದ ದಿನ ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಳು. ಆ ಹೇಸಿಕೆಯ ಕಥೆ ಇದು. ಊಟಕ್ಕೆ ಕೂತವರು ಎದ್ದ ಮೇಲೆ ಓದುವುದು ಒಳ್ಳೆಯದು.

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಸಾವಂತ್ರೆವ್ವನ ಖಡಕ್ ರೊಟ್ಟಿಯ ಮನೆ. ಯಂತ್ರದ ರೊಟ್ಟಿ ಬಂದು ಎಷ್ಟೋ ಕಾಲವಾಗಿತ್ತು. ನಾಲಿಗೆ ಸತ್ತವರು ಅದನ್ನೇ ತಿನ್ನುತ್ತಿದ್ದರು. ನಾಲಿಗೆ ಇನ್ನೂ ಬದುಕಿದ್ದ ಖಾನಾವಳಿಗಳು ಇವಳ ಬಾಗಿಲಿಗೇ ಬರುತ್ತಿದ್ದವು. ಕುದಿನೀರು ಹಾಕಿ ಜೋಳದ ಹಿಟ್ಟು ನಾದುವುದು, ಮಣೆಯ ಮೇಲೆ ಕೂತು ಬಡಿಯುವುದು, ಹಂಚಿನ ಕಡೆ ಹೊರಳಿ ಹಾಕುವುದು, ಮತ್ತೆ ಈಚೆ ಹೊರಳುವುದು. ಮೂವತ್ತು ವರ್ಷ ಹೀಗೆ ಹೊರಳಿದ ಸೊಂಟ ಒಂದು ದಿನ ಹೊರಳಿದಲ್ಲೇ ನಿಂತಿತು. ಅಂದಿನಿಂದ ಏಳುವಾಗೊಮ್ಮೆ ಅವ್ವಾ, ಕೂರುವಾಗೊಮ್ಮೆ ಅವ್ವಾ.

ಮಗ ಲಾರಿಯ ಮೇಲೆ ದೇಶ ಸುತ್ತುತ್ತಿದ್ದ. ಮನೆಯಲ್ಲಿದ್ದವಳು ಸೊಸೆ ದಾಕ್ಷಾಯಿಣಿ, ನಾಲ್ಕು ತಿಂಗಳ ಬಸುರಿ. ಮೊದಲ ಬಸುರು ನಿಂತಿರಲಿಲ್ಲ, ಹಾಗಾಗಿ ಈ ಸಲ ಭಾರ ಎತ್ತಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ಮಣೆ ಬಿಟ್ಟು ಎದ್ದರೆ ಆ ಮಣೆಯ ಮೇಲೆ ಕೂರುವವಳು ಈ ಹುಡುಗಿಯೇ. ಸಾವಂತ್ರೆವ್ವನಿಗೆ ತನ್ನ ನೋವಿಗಿಂತ ಇದೇ ದೊಡ್ಡ ಚಿಂತೆಯಾಗಿತ್ತು.

ಮನೆಯಲ್ಲಿ ಗಂಡಾಳು ಇರಲಿಲ್ಲವೇ ಎಂದರೆ, ಇದ್ದ. ಅವಳ ಗಂಡ ಶಿವಪುತ್ರಪ್ಪ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನೋಣವೆಂದರೆ ಊರಿಗೂ ಅವನಿಂದ ಚೂರು ಉಪಕಾರವಿರಲಿಲ್ಲ. ಹುಲ್ಲುಕಡ್ಡಿ ಎತ್ತಿ ಆಚೆ ಇಟ್ಟವನಲ್ಲ. ಹೆಗಲ ಮೇಲೆ ಟವೆಲ್ ಹಾಕಿ, ಕೈ ಹಿಂದೆ ಕಟ್ಟಿ, ಓಣಿಯ ತುದಿಯವರೆಗೆ ಹೋಗಿ ಬರುವುದು. ಹೊಸ್ತಿಲಲ್ಲಿ ನಿಂತು ಕ್ಯಾಕರಿಸುವುದು. ಒಳಗೆ ಕೂತು “ಏ, ಚಾ ತಾ” ಎನ್ನುವುದು. ಗಂಡ ಉಂಡೆದ್ದ ತಾಟಿನಲ್ಲೇ ಹೆಂಡತಿ ಉಣ್ಣಬೇಕೆಂಬ ಅವನವ್ವನ ಕಾಲದ ಪದ್ಧತಿಯೊಂದನ್ನು ಮಾತ್ರ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದ. ಅವನು ಬೆರಳು ಚೀಪಿ ಬಿಟ್ಟೆದ್ದ ತಾಟಿಗೆ ಅನ್ನ ಬಡಿಸಿಕೊಳ್ಳುವಾಗ ಸಾವಂತ್ರೆವ್ವನಿಗೆ ಇಷ್ಟು ವರ್ಷವಾದರೂ ಹೇಸಿಕೆಯಾಗುತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಧಾರವಾಡ ರಸ್ತೆಯಲ್ಲಿ ಸುಗಮ ಚಲನ ಕೇಂದ್ರ ಎಂಬುದೊಂದು ತೆರೆದಿತ್ತು. ಸಾವಂತ್ರೆವ್ವ ಅಲ್ಲಿಗೆ ಹೋದಾಗ ಅವಳನ್ನು ನೋಡಿದವಳು ಡಾಕ್ಟರ್ ಅಫ್ಶಾನ್ ಮುಲ್ಲಾ, ಹುಬ್ಬಳ್ಳಿಯದೇ ಹುಡುಗಿ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಬೆನ್ನಿನ ಚಿತ್ರಗಳನ್ನೆಲ್ಲ ನೋಡಿ, ಅವಳು ನಕ್ಕಳು.

“ಎಲುಬು ಮುರದಿಲ್ರಿ, ಗಾಯ ಎಂದೋ ಮಾಯ್ದೈತಿ. ಕಾವಲಷ್ಟ ಉಳದೈತಿ. ಕಳ್ಳ ಬಂದು ಹೋಗಿ ವರ್ಷಾತು, ನಿಮ್ಮ ಬೆನ್ನು ಇನ್ನೂ ಬಡಿಗಿ ಹಿಡಕೊಂಡು ಕುಂತೈತಿ.”

“ಆ ಬಡಿಗಿ ಕಸಗೊಳ್ರಿ ಬಾಯಾರ,” ಎಂದಳು ಸಾವಂತ್ರೆವ್ವ.

ಅಫ್ಶಾನ್ ತಿಳಿಯುವಂತೆ ಹೇಳಿದಳು. ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ನಮಗೆ ತಿಳಿಯುತ್ತದೆ. ಸ್ನಾಯು, ಕೀಲುಗಳು ಬಿಡದೆ ಮಿದುಳಿಗೆ ಆ ಸುದ್ದಿ ಮುಟ್ಟಿಸುತ್ತಿರುತ್ತವೆ. ಬಹಳ ದಿನ ನೋವುಂಡ ಮೈಯಲ್ಲಿ ಈ ಸುದ್ದಿ ಕೆಡುತ್ತದೆ. ಮಿದುಳು ಹೆದರಿ ಬೇಕಾದ್ದು ಬೇಡದ್ದು ಎಲ್ಲವನ್ನೂ ಬಿಗಿಹಿಡಿಯುತ್ತದೆ. ಆ ಬಿಗಿತದಿಂದಲೇ ಮತ್ತೆ ನೋವು. ಕೇಂದ್ರದವರು ಮಾಡಿದ್ದೇನೆಂದರೆ, ನೋವೇ ಅರಿಯದ ಒಬ್ಬರ ಮೈಯನ್ನು ಹುಡುಕಿ, ಆ ಮೈ ಏಳುವಾಗ ಕೂರುವಾಗ ನಡೆಯುವಾಗ ಮಾತಾಡುವಾಗ ಮಿದುಳಿಗೆ ಕಳಿಸುವ ಸುದ್ದಿಯನ್ನೆಲ್ಲ ಹಿಡಿದಿಟ್ಟದ್ದು. ರವಿಕೆಯೊಳಗೆ ತೊಡುವ ತೆಳ್ಳನೆಯ ಮೈಪಟ್ಟಿಯೊಂದು ಅದೇ ಸುದ್ದಿಯನ್ನು ನೋವಿನವರ ನರಗಳಿಗೆ ಮೆಲ್ಲಗೆ ಊದುತ್ತದೆ. ಮಿದುಳು ಅದನ್ನು ತನ್ನದೇ ಎಂದು ನಂಬಿ ಕಾವಲು ಬಿಡುತ್ತದೆ.

“ಈ ಕಡೀದ ಮೈನ ಹುಡಿಕೇವ್ರಿ. ಇದ ಜೋಳ ಉಂಡದ್ದು, ಹಿಂಗ ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತದ್ದು. ಅರವತ್ತು ದಾಟೈತಿ, ಆದ್ರ ಬೆನ್ನು ಇಪ್ಪತ್ತೈದರ ಹುಡುಗಂದ ಇದ್ದಂಗೈತಿ. ಇಂಥಾ ಮೈ ಸಿಗೂದ ಅಪರೂಪ.”

“ಯಾರದ್ರಿ ಅದು?”

“ಹೆಸರು ಹೇಳಾಕ ಬರಂಗಿಲ್ರಿ, ನಿಯಮ ಐತಿ.”

“ಯಾರದರ ಆಗಲಿ, ಪುಣ್ಯವಂತ. ಅವನ ಹೊಟ್ಟಿ ತಣ್ಣಗಿರಲಿ,” ಎಂದು ಸಾವಂತ್ರೆವ್ವ ಕೈ ಮುಗಿದಳು. ಆ ಮುಗಿದ ಕೈಯನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈಯೆಲ್ಲ ಮುಳ್ಳಾಗುತ್ತದೆ.

ಪಟ್ಟಿ ಬೆಚ್ಚಗಾಯಿತು. ಬೆನ್ನಿನ ಉದ್ದಕ್ಕೂ ಇರುವೆ ಹರಿದಂತಾಯಿತು. ಮೊದಲು ಭುಜಗಳು ಕಿವಿಯ ಹತ್ತಿರದಿಂದ ಕೆಳಗಿಳಿದವು. ಅವು ಅಷ್ಟು ಮೇಲಿದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಫ್ಶಾನ್ ಏಳಿ ಎಂದಳು. ಸಾವಂತ್ರೆವ್ವ ಅವ್ವಾ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಎದ್ದು ನಿಂತಾಗಿತ್ತು. ಕೂತಳು, ಎದ್ದಳು, ಮತ್ತೆ ಕೂತಳು. ಆಟಿಕೆ ಸಿಕ್ಕ ಮಗುವಿನ ಹಾಗೆ ಅದನ್ನೇ ಮಾಡುತ್ತ ಅತ್ತುಬಿಟ್ಟಳು.

ಮೊದಲ ದಿನಗಳು ಸುಖದಲ್ಲಿ ಕಳೆದವು. ರೊಟ್ಟಿ ಬಡಿದರೂ ಮೊಣಕೈ ಉರಿಯಲಿಲ್ಲ. ದಾಕ್ಷಾಯಿಣಿ ಅತ್ತೆಯ ಹಣೆಗೆ ಲಟಿಕೆ ಮುರಿದು ದೃಷ್ಟಿ ತೆಗೆದಳು. ಪಟ್ಟಿ ತೊಟ್ಟಷ್ಟೂ ಹೊಸ ನಡೆ ಮೈಗೆ ಅಂಟುತ್ತದೆ, ಕಡೆಗೆ ಪಟ್ಟಿಯೇ ಬೇಕಾಗುವುದಿಲ್ಲ ಎಂದು ಕೇಂದ್ರದವರು ಹೇಳಿದ್ದರು. ಅಂಟಿತು. ಚೆನ್ನಾಗಿಯೇ ಅಂಟಿತು.

ರೊಟ್ಟಿ ಕಟ್ಟಿಕೊಡಲು ಬರುತ್ತಿದ್ದ ಫಕೀರವ್ವನಿಗೆ ಬಾಯಿ ಸುಮ್ಮನಿರುವುದಿಲ್ಲ. ಅವಳೇ ಮೊದಲು ನೋಡಿ ನಕ್ಕವಳು.

“ಏನವ್ವಾ, ಹಿಂದಿಂದ ನೋಡಿದ್ರ ನಿಮ್ಮ ಮನ್ಯಾವ್ರು ಸೀರಿ ಉಟಗೊಂಡು ಹೊಂಟಂಗ ಕಾಣತೈತಲ್ಲ!”

“ನಿನ್ನ ಬಾಯಾಗ ಮಣ್ಣು ಬೀಳಲಿ,” ಎಂದು ಸಾವಂತ್ರೆವ್ವ ನಕ್ಕಳು. ಆದರೆ ಬೆಳಿಗ್ಗೆಯಿಂದ ಅವಳ ಬಲಗೈ ಪದೇಪದೇ ಹೆಗಲಿಗೆ ಹೋಗಿ, ಅಲ್ಲಿಲ್ಲದ ಟವೆಲನ್ನು ಹಿಂದಕ್ಕೆ ಒಗೆಯುತ್ತಿತ್ತು. ಹೊಸ್ತಿಲಿಗೆ ಬಂದರೆ ಕಾಲು ತಾನಾಗಿ ನಿಲ್ಲುತ್ತಿತ್ತು. ಗಂಟಲಲ್ಲಿ ಏನೂ ಇಲ್ಲದಿದ್ದರೂ ಕ್ಯಾಕರಿಸಬೇಕೆನಿಸುತ್ತಿತ್ತು.

ಮರುದಿನ ದುರ್ಗದಬೈಲಿನ ಸೀರೆ ಅಂಗಡಿಯ ಮುಂದೆ ಹಾದುಹೋಗುವಾಗ ದೊಡ್ಡ ಗಾಜಿನಲ್ಲಿ ತನ್ನನ್ನು ತಾನು ನೋಡಿದಳು. ಹೊಟ್ಟೆ ಮುಂದೆ, ಕೈ ಹಿಂದೆ, ಪಾದಗಳು ಆಚೆಗೊಂದು ಈಚೆಗೊಂದು. ಅವಸರವೆಂದರೇನೆಂದು ಗೊತ್ತಿಲ್ಲದ ನಡಿಗೆ. ಸೀರೆ ಅವಳದು, ಮುಖ ಅವಳದು, ಒಳಗೆ ಇಡಿಯಾಗಿ ಶಿವಪುತ್ರಪ್ಪ. ಮನೆಗೆ ಹೇಗೆ ಬಂದಳೋ ಬಂದಳು. ಬಚ್ಚಲಲ್ಲಿ ಕಾರಿಕೊಂಡು ಬಾಯಿ ತೊಳೆದು ಹೊರಬಂದಾಗ ಗಂಡ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ.

“ಆ ಕೇಂದ್ರಕ್ಕ ನೀವು ಹೋಗಿದ್ರೇನು?”

ಅವನಿಗೆ ನಾಚಿಕೆಯಾಗಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಜರಿ ಶಾಲು ತೆಗೆದು ಹೊದ್ದುಕೊಂಡು ಬಂದು ನಿಂತ.

“ಸನ್ಮಾನ ಮಾಡ್ಯಾರ ನನಗ. ಆದರ್ಶ ಶರೀರ ಅಂದಾರ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ರು, ಅದಕ್ಕ ಸುಮ್ಮಕಿದ್ದೆ. ಈ ಊರಾಗ ನೂರಾರು ಮಂದಿ ನನ್ನ ನಡಿಗಿ ನಡ್ಯಾಕತ್ತಾರ, ಗೊತ್ತೈತೇನು? ನೀನೂ ಒಬ್ಬಾಕಿ. ಏನ ಅನ್ನು, ನನ್ನಿಂದ ನಿನಗ ಅರಾಮಾತು ನೋಡು.”

ಕಲ್ಲುಪ್ಪು ನುಂಗಿದವಳಂತೆ ಅವಳು ಅವನನ್ನೇ ನೋಡುತ್ತ ನಿಂತಳು. ಅರವತ್ತು ದಾಟಿದರೂ ಬಾಗದ ಬೆನ್ನು. ಬಾಗಿದ್ದರಲ್ಲವೇ ಬಾಗುವುದು!

ನೂರಾರು ಮಂದಿ ಎಂದದ್ದು ಸುಳ್ಳಲ್ಲ. ಕಣ್ಣು ತೆರೆದ ಮೇಲೆ ಊರೆಲ್ಲ ಅದೇ ಕಾಣತೊಡಗಿತು. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗಿನ ಪಕ್ಕ ಹಾಯಾಗಿ ನಿಂತು ಯಾರಾದರೂ ಎತ್ತಿಕೊಟ್ಟಾರೆಂದು ಕಾಯುವವರು, ಇಲ್ಲದ ಟವೆಲ್ ಒಗೆಯುವ ಶಾಲೆಯ ಟೀಚರು, ಕಚೇರಿಯಲ್ಲಿ ಬಿದ್ದ ಫೈಲಿನ ಸುತ್ತ ಕೈ ಹಿಂದೆ ಕಟ್ಟಿ ನಿಂತ ನಾಲ್ಕು ಗುಮಾಸ್ತರು. ಎಲ್ಲರ ಮುಖದಲ್ಲೂ ನೆಮ್ಮದಿ. ಪಟ್ಟಿ ತೊಡದವರು ಮಾತ್ರ ಮೊದಲಿಗಿಂತ ಹೆಚ್ಚು ಓಡಾಡುತ್ತಿದ್ದರು.

ಪಟ್ಟಿಯನ್ನು ಅಂದೇ ಕಿತ್ತು ಒಗೆಯಬೇಕಿತ್ತು. ಒಗೆಯಲಿಲ್ಲ. ನೋವಿಲ್ಲದ ಬೆನ್ನಿನ ರುಚಿ ಅಂಥದ್ದು. ಸಾವಂತ್ರೆವ್ವ ಹೇಸಿಕೊಳ್ಳುತ್ತಲೇ ಅದನ್ನು ತೊಟ್ಟಳು. ಅಷ್ಟರಲ್ಲಿ ಒಂದು ಮಧ್ಯಾಹ್ನ ಗಿರಣಿಯವನು ಹಿಟ್ಟಿನ ಚೀಲ ತಂದು ಅಂಗಳದಲ್ಲಿ ಇಳಿಸಿ ಹೋದ. ಚೀಲವನ್ನು ಒಳಗೆಳೆಯುವುದು ಯಾವತ್ತೂ ಅವಳ ಕೆಲಸ. ಅವಳು ಚೀಲದ ಹತ್ತಿರ ಹೋದಳು. ಸೊಂಟ ಬಗ್ಗಲಿಲ್ಲ. ನೋವಿತ್ತೆಂದಲ್ಲ, ಬಗ್ಗುವ ವಿಚಾರವೇ ಆ ಮೈಗೆ ಹೊಳೆಯಲಿಲ್ಲ. ಮೈ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಆರಾಮವಾಗಿ ನಿಂತಿತು.

ಅತ್ತೆ ದಾರಿ ಬಿಟ್ಟದ್ದನ್ನು ಕಂಡ ದಾಕ್ಷಾಯಿಣಿ, ತನಗೇ ಹೇಳಿದ್ದೆಂದುಕೊಂಡು ಬಗ್ಗಿ ಚೀಲದ ಕಿವಿ ಹಿಡಿದಳು.

“ಹುಷಾರ, ಹುಷಾರ,” ಎಂದಿತು ಸಾವಂತ್ರೆವ್ವನ ಬಾಯಿ. ಮೂವತ್ತು ವರ್ಷ ಚಾಪೆಯ ಮೇಲಿಂದ ತಾನು ಕೇಳಿದ ಮಾತು ಅದು, ಅದೇ ರಾಗ. ಕೈ ಹಿಂದೆ ಕಟ್ಟಿಕೊಂಡೇ ಇತ್ತು. ಹುಡುಗಿ ಚೀಲವನ್ನು ಹೊಸ್ತಿಲವರೆಗೆ ಎಳೆದು, ಹೊಟ್ಟೆ ಹಿಡಿದುಕೊಂಡು, ಬೆವತು, ಗೋಡೆಗೆ ಒರಗಿ ಕುಸಿದಳು.

“ಅತ್ತೀ, ಸೆಳಕು ಹಿಡದಂಗಾತು.”

ಆಸ್ಪತ್ರೆಗೆ ಓಡಿದರು. ಮಗುವಿಗೆ ಏನೂ ಆಗಿಲ್ಲ ಎಂದರು. ಆದರೆ ಇನ್ನೊಮ್ಮೆ ಹೀಗಾದರೆ ಹೇಳಲಾಗುವುದಿಲ್ಲ ಎಂದೂ ಹೇಳಿದರು. ಸಾವಂತ್ರೆವ್ವ ಅಲ್ಲಿಂದ ನೇರವಾಗಿ ಧಾರವಾಡ ರಸ್ತೆಗೆ ಹೋಗಿ, ಎಲ್ಲರೆದುರು ರವಿಕೆಯೊಳಗೆ ಕೈ ಹಾಕಿ ಪಟ್ಟಿ ಕಿತ್ತು, ಅಫ್ಶಾನಳ ಮೇಜಿನ ಮೇಲೆ ಸತ್ತ ಹಾವನ್ನು ಒಗೆದಂತೆ ಒಗೆದಳು.

“ನಾ ಪುಣ್ಯವಂತ ಅಂತ ಕೈ ಮುಗದಿದ್ದು ನನ್ನ ಗಂಡಗ. ಅವನ ಬೆನ್ನು ಸಲೀಸೈತಿ ಖರೆ. ಅದರ ಭಾರ ಎಲ್ಲಾ ಎಲ್ಲಿಗೆ ಹೋತು ಅಂತ ಕೇಳಿದ್ರೇನು? ನನ್ನ ಬೆನ್ನಿಗೆ ಬಂತು! ಈಗ ನನಗ ಅವನ ಮೈ ಹಾಕಿದ್ರಿ. ನನ್ನ ಭಾರ ಆ ಬಸರಿ ಹುಡುಗಿ ಮ್ಯಾಲ ಹೋತು.”

ಅಫ್ಶಾನ್ ಮೊದಲು ಸಮಜಾಯಿಷಿ ಹೇಳಲು ನೋಡಿದಳು. ಸಾವಿರಾರು ಜನರನ್ನು ಅಳೆದಿದ್ದೆವು, ಅತಿ ಕಡಿಮೆ ಶ್ರಮದಲ್ಲಿ ಚಲಿಸುವ ದೇಹವನ್ನೇ ಆರಿಸಿದ್ದೆವು ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಬೆನ್ನು ಅಳದ್ವಿ. ಆ ಬೆನ್ನು ಇದ್ದ ಮನಿ ಅಳೀಲಿಲ್ಲ.” ಮತ್ತೆ ಹೇಳಿದಳು, “ನಮ್ಮ ಅಮ್ಮಿಗೂ ಇದನ್ನ ಹಾಕೇನ್ರಿ. ಈಗ ಆಕಿ ಬಾಗಲದಾಗ ನಿಂತು, ‘ಏ, ಚಾ ತಾ’ ಅಂತಾಳ. ಅರಾಮಾಗ್ಯಾಳಂತ ನಾ ಖುಷಿಪಟ್ಟಿದ್ದೆ.”

ಸಾವಂತ್ರೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಯಾರೋ ಕಾಣದ ಮುದುಕಿಯ ಬಾಯಲ್ಲೂ ತನ್ನ ಗಂಡನ ಮಾತು! ಅಫ್ಶಾನ್ ಬೇರೆ ಮಾದರಿ ಹುಡುಕುತ್ತೇನೆ, ದುಡಿಯುವ ಹೆಂಗಸಿನದೇ ಹುಡುಕುತ್ತೇನೆ ಎಂದಳು.

“ಬ್ಯಾಡ. ಮೂವತ್ತು ವರ್ಷ ಎಂಜಲ ತಾಟಿನಾಗ ಉಂಡೇನಿ. ಎಂಜಲ ಮೈಯಾಗ ಇರೂದು ನನ್ನ ಕಡೆ ಆಗಂಗಿಲ್ಲ. ಅಂವನದಾಗಲಿ, ದೇವರದಾಗಲಿ, ಎಂಜಲ ಎಂಜಲನ. ನನ್ನ ಮೈ ನನಗ ವಾಪಸ್ ಕೊಡ್ರಿ.”

“ನೋವು ತಿರಗಿ ಬರತೈತ್ರಿ.”

“ಬರಲಿ. ಅದಾದ್ರೂ ನಂದೈತಿ.”

ಬಂತು. ಅಂಟಿದ ನಡೆಯನ್ನು ಅಫ್ಶಾನ್ ಬಿಡಿಸಿದ ವಾರವೇ ಬಂತು, ಬಿಟ್ಟುಹೋದ ದಿನಗಳ ಬಡ್ಡಿಯನ್ನೂ ಸೇರಿಸಿಕೊಂಡು ಬಂತು. ಸಾವಂತ್ರೆವ್ವ ಗೋಡೆ ಹಿಡಿದು ನಡೆದಳು. ರೊಟ್ಟಿಯ ಕೆಲಸ ನಿಂತಿತು. ಖಾನಾವಳಿಯವರು ಮುಖ ಸಿಂಡರಿಸಿದರು. ತಾನೇ ಬಡಿಯುತ್ತೇನೆಂದು ದಾಕ್ಷಾಯಿಣಿ ಹಟ ಹಿಡಿದಾಗ ಅತ್ತೆ ಮಣೆಯನ್ನೇ ಅಡಗಿಸಿಟ್ಟಳು.

ಆದರೆ ಅಫ್ಶಾನ್ ಕೈ ಬಿಡಲಿಲ್ಲ. ಪಟ್ಟಿಯನ್ನು ಉಲ್ಟಾ ಮಾಡಿದಳು: ಅದು ಇನ್ನು ಊದುವುದಿಲ್ಲ, ಕೇಳುವುದಷ್ಟೇ. ಸಾವಂತ್ರೆವ್ವನ ಸ್ವಂತ ಮೈ ಏನು ಹೇಳುತ್ತಿದೆಯೋ ಅದನ್ನೇ ತುಸು ದೊಡ್ಡದು ಮಾಡಿ ಅವಳಿಗೇ ಮುಟ್ಟಿಸುತ್ತದೆ. ಕೇಂದ್ರದ ಚಾಪೆಯ ಮೇಲೆ ಅಂಗಾತ ಮಲಗಿ ಅದನ್ನು ಕೇಳುವುದು ಕೆಲಸ. ಇದೂ ಒಂದು ಕೆಲಸವೇ ಎಂದು ಅವಳಿಗೆ ಮೊದಲು ನಗು ಬಂತು.

“ಎಡಭುಜ ನೆಲಕ್ಕ ಹತ್ತೈತೇನ್ರಿ?”

“ಹತ್ತೈತಿ.” ಕೇಳಿಸಿಕೊಂಡಳು. “ಇಲ್ಲ. ಹತ್ತಿಲ್ಲ.”

“ಒತ್ತಬ್ಯಾಡ್ರಿ. ಸುಮ್ಮನ ನೋಡ್ರಿ. ಉಸಿರು ಎಲ್ಲಿ ನಿಂತೈತಿ?”

ಉಸಿರು ಎದೆಯಲ್ಲೇ ನಿಂತಿತ್ತು. ಎಷ್ಟು ವರ್ಷದಿಂದ ಅಲ್ಲಿ ನಿಂತಿತ್ತೋ. ಮೊಣಕಾಲು ಮಡಚಿ ಸೊಂಟವನ್ನು ಗೋಧಿ ಕಾಳಿನಷ್ಟು ಆಚೆ, ಗೋಧಿ ಕಾಳಿನಷ್ಟು ಈಚೆ ಹೊರಳಿಸುತ್ತ ಹೋದಂತೆ, ಎಲ್ಲಿ ಬೇಡದ ಬಿಗಿ ಇದೆ ಎಂದು ತಾನಾಗಿ ತಿಳಿಯತೊಡಗಿತು. ಹೊರಳುವುದು ಸೊಂಟ, ಆದರೆ ದವಡೆ ಯಾಕೆ ಕಚ್ಚಿಕೊಂಡಿದೆ? ಎತ್ತುವುದು ಕೈ, ಆದರೆ ಕಾಲ ಹೆಬ್ಬೆರಳು ಯಾಕೆ ಮುದುಡಿದೆ? ತಿಳಿದದ್ದು ಒಂದೊಂದೇ ಸಡಿಲವಾಯಿತು. ಶಿವಪುತ್ರಪ್ಪನ ಮೈಯಂತೆ ಪುಕ್ಕಟೆಯಾಗಿ ಸಿಕ್ಕ ಸುಖವಲ್ಲ ಇದು. ಕೆಲವು ದಿನ ಏನೂ ಆಗುತ್ತಿರಲಿಲ್ಲ. ಬೈದುಕೊಂಡು ಮನೆಗೆ ಬರುತ್ತಿದ್ದಳು.

ಒಂದು ದಿನ ಹೀಗೆ ಮಲಗಿದ್ದಾಗ ಬೆನ್ನು ಪೂರಾ ನೆಲಕ್ಕೆ ಇಳಿದಿತ್ತು. ಅವಳ ಮೈಯ ಬಿಗಿತ ತೋರಿಸುವ ಪರದೆಯ ಮೇಲಿನ ಗೆರೆಗಳು ಕೆರೆಯ ನೀರಿನಂತೆ ನಿಂತಿದ್ದವು. ಅಷ್ಟರಲ್ಲಿ ಗೆರೆಗಳೆಲ್ಲ ಒಟ್ಟಿಗೆ ಎಗರಿದವು. ಭುಜ ಕಿವಿಗೆ ಏರಿತು, ದವಡೆ ಕಚ್ಚಿತು, ಸೊಂಟ ಕಲ್ಲಾಯಿತು. ಅವಳು ಅಲ್ಲಾಡಿರಲಿಲ್ಲ.

“ಏನಾತ್ರಿ ಈಗ?” ಎಂದಳು ಅಫ್ಶಾನ್ ಗಾಬರಿಯಿಂದ.

ಸಾವಂತ್ರೆವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಹೊರಗ ನೋಡ್ರಿ. ನಮ್ಮ ಮನ್ಯಾವ್ರು ಬಂದಾರ.”

ಬಾಗಿಲಾಚೆಯ ಪಡಸಾಲೆಯಲ್ಲಿ ಶಿವಪುತ್ರಪ್ಪ ಇನ್ನೊಮ್ಮೆ ಕ್ಯಾಕರಿಸಿದ. ಪರದೆ ಇನ್ನೊಮ್ಮೆ ಎಗರಿತು. ಅಡಿಗೆಗೆ ಹೊತ್ತಾಯಿತು, ಇವಳೆಲ್ಲಿ ಎಂದು ಕೇಳಲು ಅವನು ಬಂದಿದ್ದ. ಅಫ್ಶಾನ್ ಪರದೆಯನ್ನೂ ಬಾಗಿಲನ್ನೂ ನೋಡಿದಳು. ಮೂವತ್ತು ವರ್ಷ ಎಲ್ಲರೂ ದೂರಿದ್ದು ರೊಟ್ಟಿಯನ್ನು. ಪಾಪದ ರೊಟ್ಟಿ! ಅವನ ಕೆಮ್ಮು ಕೇಳಿದ ಕೂಡಲೇ, ಏನು ಬೇಕೆಂದು ಅವನು ಹೇಳುವ ಮೊದಲೇ ಏಳಲು ಸಿದ್ಧವಾಗುವ ಈ ಮೈ, ದಿನಕ್ಕೆ ಎಷ್ಟು ಸಲ ಹೀಗೆ ಬಿಗಿದಿತ್ತೋ! ಸಾವಂತ್ರೆವ್ವನಿಗೆ ಅವನ ಮೇಲೆ ಬಂದಷ್ಟೇ ಹೇಸಿಕೆ, ಆ ಕೆಮ್ಮಿಗೆ ಕುಣಿಯುವ ತನ್ನ ಬೆನ್ನಿನ ಮೇಲೂ ಬಂತು.

ಅಂದಿನಿಂದ ಅವಳು ಕಲಿತದ್ದು ಒಂದೇ ಪಾಠ. ಕೆಮ್ಮು ಕೇಳುತ್ತದೆ, ಭುಜ ಏರುತ್ತದೆ, ಏರಿದ್ದನ್ನು ನೋಡುವುದು, ಇಳಿಯಲು ಬಿಡುವುದು. ಸಿಟ್ಟಿನಿಂದಲ್ಲ, ಸಿಟ್ಟು ಮಾಡಿದರೆ ಮತ್ತೆ ದವಡೆ ಕಚ್ಚುತ್ತದೆ. ಮನೆಯಲ್ಲಿ ಅವನು ಕರೆದಾಗಲೆಲ್ಲ ಮೈ ಅರ್ಧ ಎದ್ದು, ಆಮೇಲೆ ನೆನಪಾಗಿ ಕೂರುತ್ತಿತ್ತು. ಬರಬರುತ್ತ ಅರ್ಧವೂ ಏಳದಾಯಿತು. ಅಡಗಿಸಿಟ್ಟ ಮಣೆ ಹೊರಬಂತು. ಮೊದಲಿನಷ್ಟು ಬೇಗ ಅಲ್ಲ, ಮೊದಲಿನಷ್ಟು ಹೆಚ್ಚೂ ಅಲ್ಲ, ಆದರೆ ರೊಟ್ಟಿ ಮತ್ತೆ ಹಂಚಿಗೆ ಬಿತ್ತು. ತನಗೆ ಒಂದು ಹೊಸ ತಾಟನ್ನೂ ಅವಳು ಕೊಂಡುತಂದಳು. ಶಿವಪುತ್ರಪ್ಪ ಅದನ್ನು ನೋಡಿ, ಎರಡು ತಾಟು ಯಾಕೆ, ತೊಳೆಯುವ ಕೆಲಸ ಹೆಚ್ಚಲ್ಲವೇ ಎಂದ.

ಒಂದು ಸಂಜೆ ಗಿರಣಿಯವನು ಅವಸರದಲ್ಲಿ ಚೀಲವನ್ನು ಹೊಸ್ತಿಲಿಗೇ ಅಡ್ಡ ಹಾಕಿ ಹೋದ. ತಿರುಗಾಟ ಮುಗಿಸಿ ಬಂದ ಶಿವಪುತ್ರಪ್ಪನಿಗೆ ಒಳಗೆ ಕಾಲಿಡಲು ದಾರಿಯಿಲ್ಲ. ಆಚೆ ನಿಂತು ಕ್ಯಾಕರಿಸಿದ.

ಸಾವಂತ್ರೆವ್ವನ ಭುಜ ತುಸು ಏರಿತು. ಅವಳು ನೋಡಿದಳು. ಇಳಿಯಿತು. ಕೈಯಲ್ಲಿದ್ದ ರೊಟ್ಟಿಯನ್ನು ಬಡಿಯುತ್ತ ಕೂತಳು.

“ಏ, ಚೀಲ ಐತಿಲ್ಲಿ.”

ದಿನ ತುಂಬುತ್ತ ಬಂದಿದ್ದ ದಾಕ್ಷಾಯಿಣಿ ನೆಲಕ್ಕೆ ಕೈಯೂರಿ ಏಳಹೋದಳು. ಅತ್ತೆ ಹಿಟ್ಟಿನ ಕೈಯನ್ನೇ ಅವಳ ತೊಡೆಯ ಮೇಲಿಟ್ಟಳು.

“ಕುಂದರು.”

“ಅತ್ತೀ, ಮಾವ...”

“ಕುಂದರವ್ವಾ. ಉಸಿರು ಬಿಡು.”

ಅವನು ಮತ್ತೆ ಕರೆದ. ಸೊಸೆಯ ಹೆಸರು ಹಿಡಿದು ಕರೆದ. ಓಣಿಯಲ್ಲಿ ಹೋಗುವವರನ್ನು ಆಚೆ ಈಚೆ ನೋಡಿದ. ಯಾರೂ ಇರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಶಿವಪುತ್ರಪ್ಪ ಬಗ್ಗಿದ.

ಸಾವಂತ್ರೆವ್ವ ಕತ್ತು ಹೊರಳಿಸಿ ನೋಡಿದಳು. ಅವನು ನರಳಿಯಾನು, ಸೊಂಟ ಹಿಡಿದುಕೊಂಡಾನು ಎಂದುಕೊಂಡಿದ್ದಳು. ಒಳಗೊಳಗೆ ಅದೇ ಆಸೆಯೂ ಇತ್ತು. ಅಂಥದ್ದೇನೂ ಆಗಲಿಲ್ಲ. ಮೊಣಕಾಲು ತಾನಾಗಿ ಮಡಚಿತು, ಬೆನ್ನು ಉದ್ದಕ್ಕೆ ನಿಂತಿತು, ಚೀಲ ಹತ್ತಿಯ ಮೂಟೆಯಂತೆ ಎದ್ದು ಹೆಗಲೇರಿತು. ಒಂದು ಉಸಿರು ಹೆಚ್ಚಿಲ್ಲ, ಒಂದು ಹನಿ ಬೆವರಿಲ್ಲ. ಪಡಸಾಲೆ ದಾಟಿ, ಅಡುಗೆಮನೆಯ ನಡುವೆ ಬಂದು, ಚೀಲ ಹೊತ್ತುಕೊಂಡೇ ಸುತ್ತ ನೋಡಿದ.

“ಇದನ್ನ ಎಲ್ಲಿ ಇಡ್ತೀರಿ?” ಎಂದು ಕೇಳಿದ.

ಮೂವತ್ತು ವರ್ಷದಿಂದ ಚೀಲ ಅದೇ ಮೂಲೆಯಲ್ಲಿತ್ತು. ಎತ್ತಲು ಬೇಕಾದ ಬೆನ್ನು ಮೂವತ್ತು ವರ್ಷವೂ ಅವನಲ್ಲಿತ್ತು. ಸಾವಂತ್ರೆವ್ವನ ಬಾಯಿಗೆ ಕಹಿ ನೀರು ಬಂತು. ಎದ್ದು ಹೋಗಿ ಬಚ್ಚಲಲ್ಲಿ ಉಗಿದು ಬಂದಳು. ಮತ್ತೆ ಮಣೆಯ ಮೇಲೆ ಕೂತ ಮೇಲೇ ಅವಳಿಗೆ ತಿಳಿದದ್ದು, ಎದ್ದಾಗಲೂ ಕೂತಾಗಲೂ ತಾನು ಅವ್ವಾ ಎಂದಿರಲಿಲ್ಲ.